ಮೂರು ತಿಂಗಳು ಬಿಟ್ಟು ಬನ್ನಿ

ಎಲ್ಲರಿಗೂ ಶರಣು ಶರಣಾರ್ಥಿ.

ಅಕ್ಟೋಬರ್ 10 ಬಂತೆಂದರೆ ಮಾನಸಿಕ ಆರೋಗ್ಯ ದಿನ ಅಂತ ನಮ್ಮ ಕಲಬುರಗಿಯಲ್ಲೂ ಭಾಷಣ ನಡೆಯುತ್ತವೆ. ಡಾಕ್ಟರು ಮಾತಾಡುತ್ತಾರೆ, ನಾವು ಕೇಳುತ್ತೇವೆ. ಈ ಸಲ ಗುಳಿಗೆ ನುಂಗುವವರೇ ಮಾತಾಡಲಿ ಅಂತ ನನ್ನನ್ನು ಕರೆದಿದ್ದೀರಿ. ಇಲ್ಲಿ ಕೂತವರಲ್ಲಿ ಜಾಸ್ತಿ ಜನ ನಮ್ಮ ಬಳಗದವರೇ, ಅಲ್ವಾ? ಮನಸ್ಸು ಒಮ್ಮೆ ಏರಿ ಒಮ್ಮೆ ಕುಸಿಯುವ ಈ ಬೈಪೋಲಾರ್ ಅಂದರೇನು, ಅದನ್ನು ಹಿಡಿತದಲ್ಲಿಡುವ ಲಿಥಿಯಂ ಗುಳಿಗೆ ಯಾಕೆ ಅಂತ ಶುರುವಿನಿಂದ ಹೇಳಬೇಕಿಲ್ಲ. ಡಾಕ್ಟರು ಬದಲಾದಾಗ ಏನಾಗುತ್ತೆ ಅನ್ನೋದನ್ನಷ್ಟೇ ಹೇಳುತ್ತೇನೆ.

ಹದಿನಾಲ್ಕು ವರ್ಷ ಒಬ್ಬರೇ ಡಾಕ್ಟರ ಹತ್ತಿರ ಹೋದೆ. ತಿಂಗಳಿಗೊಮ್ಮೆ, ಆಳಂದದಿಂದ ಬಸ್ಸು ಹಿಡಿದು. ಒಳಗೆ ಕಾಲಿಟ್ಟ ಕೂಡಲೇ ಅವರದು ಒಂದೇ ಪ್ರಶ್ನೆ. "ಟೀಚರಮ್ಮ, ಎಷ್ಟು ರೊಟ್ಟಿ ಉಣ್ಲಾಕತ್ತೀರಿ?" ಎರಡು ಅಂದರೆ ಸರಿ. ಒಂದು ಅಂದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು. "ಉಣ್ಲಾಕ ಪುರುಸೊತ್ತೇ ಇಲ್ರಿ ಸರ್, ಭಾಳ ಕೆಲಸ ಅದಾವ" ಅಂದೆನೋ, ಅವರ ಪೆನ್ನು ನಿಲ್ಲುತ್ತಿತ್ತು. ನನ್ನ ಮನಸ್ಸು ಏರಲಿಕ್ಕೆ ಹತ್ತಿದೆ ಅಂತ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಅವರು ಬೇರೆ ಊರಿಗೆ ಹೋದರು. ನನ್ನ ಫೈಲು ಕೇಳಿದರೆ ಕೌಂಟರಿನಲ್ಲಿ "ಅದು ನಮ್ಮ ರೆಕಾರ್ಡು, ಹೊರಗ ಕೊಡಂಗಿಲ್ರಿ" ಅಂದರು. ನಿಯಮವೇ ಹಾಗಿರಬೇಕು ಅಂತ ಸುಮ್ನೆ ವಾಪಸ್ ಬಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಕಲಮು ಆಮೇಲೆ ಓದಿದೆ. ನಮ್ಮ ಚಿಕಿತ್ಸೆಯ ಮೂಲಭೂತ ದಾಖಲೆ ನೋಡುವ, ಪಡೆಯುವ ಹಕ್ಕು ನಮಗಿದೆ. ಅವತ್ತೇ ಗೊತ್ತಿದ್ದರೆ ಆ ಕೌಂಟರಿನ ಮುಂದೆಯೇ ಕೂತುಬಿಡುತ್ತಿದ್ದೆ. ನಮ್ಮ ಕಥೆ ನಮ್ಮ ಕೈಯಲ್ಲಿರಬೇಕು. ಡಾಕ್ಟರು ಹೋದರೆ ಕಥೆಯೂ ಹೋಗಬಾರದು.

ಹೊಸ ಡಾಕ್ಟರು ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ಕಂಪ್ಯೂಟರ್ ನೋಡುತ್ತಲೇ ಮಾತು. ರೊಟ್ಟಿ ವಿಷಯ ಕೇಳಲೇ ಇಲ್ಲ. ನನಗೆ ಗಂಟಲು ಕಟ್ಟಿತು. ಆಮೇಲೆ "ಎರಡೂ ಕೈ ಮುಂದೆ ಚಾಚಿ ಅಮ್ಮ" ಅಂದರು. ಬೆರಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಿತು. "ಯಾವಾಗಿನಿಂದ?" ಅಂದರು. ವಯಸ್ಸಾಯಿತು ಅಂದುಕೊಂಡು, ಎಷ್ಟೋ ದಿನದಿಂದ ಚಹಾದ ಕಪ್ಪನ್ನು ಅರ್ಧಕ್ಕೇ ತುಂಬಿಸುತ್ತಿದ್ದೆ. ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ರಕ್ತ ಕೊಡಲು ಹೇಳಿದರು. ರಾತ್ರಿ ಗುಳಿಗೆ ನುಂಗಿ 12 ತಾಸಾದ ಮೇಲೆ, ಬೆಳಗಿನದು ನುಂಗುವ ಮೊದಲು ಕೊಡಬೇಕು. ಇದನ್ನು ಬರೆದುಕೊಳ್ಳಿ, ಎಷ್ಟೋ ಜನ ನುಂಗಿಯೇ ಹೋಗುತ್ತಾರೆ. ಲಿಥಿಯಂ ಜಾಸ್ತಿಯೇ ಇತ್ತು. ಮೊಣಕಾಲು ನೋವಿಗೆ ಮೆಡಿಕಲ್‌ನಲ್ಲಿ ನಾನೇ ಕೇಳಿ ತಂದ ಗುಳಿಗೆ ಅದನ್ನು ಏರಿಸಿತ್ತು. ನೋವಿನ ಗುಳಿಗೆ ಬದಲಾಯಿಸಿದರು. ಕೈ ನಡುಗುವುದು ನಿಂತಿತು.

ರಿಪೋರ್ಟು ಎರಡು ಸಲ ಸರಿ ಬಂದ ಮೇಲೆ "ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಖುಷಿ ಪಡಬೇಕಿತ್ತು. ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಇಲ್ಲ ನಿಜ, ಆದರೆ ಪೂರ್ತಿ ದಿನ ಹೋಗುತ್ತೆ. ಆ ದಿನ ಉಳಿಯಿತಲ್ಲ! ಆದರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಇವರೂ ಕೈಬಿಟ್ಟರು ಅನಿಸಿತು.

ಮನೆಗೆ ಬಂದರೆ ನೆಗೆಣ್ಣಿ, "ಮೂರು ತಿಂಗಳಿಗೊಮ್ಮಿ ಅಂದ್ರ ಗುಣ ಆಗ್ಯಾದ ಅಂತಲೇ ಅಕ್ಕಾ. ಗುಳಿಗಿ ಬಿಟ್ಟುಬಿಡು" ಅಂದಳು. ಪ್ರೀತಿಯಿಂದಲೇ ಅಂದಳು. ದಯವಿಟ್ಟು ಕೇಳಿ. ಕಡಿಮೆಯಾಗಿದ್ದು ಭೇಟಿ, ಗುಳಿಗೆ ಅಲ್ಲ. ಭೇಟಿ ದೂರವಾದಷ್ಟೂ ಗುಳಿಗೆ ಸರಿಯಾಗಿ ನುಂಗಬೇಕು.

ಅವತ್ತೇ ರಾತ್ರಿ ಮೊಮ್ಮಗನ ಹಳೆಯ ನೋಟ್‌ಬುಕ್ ತೆಗೆದೆ. ದಿನಕ್ಕೊಂದು ಸಾಲು. ನಿದ್ದೆ ಎಷ್ಟು ತಾಸು, ರೊಟ್ಟಿ ಎಷ್ಟು, ಕೈ ಹೇಗಿದೆ. ಹಳೇ ಡಾಕ್ಟರ ಪ್ರಶ್ನೆಯನ್ನು ಈಗ ನಾನೇ ಕೇಳಿಕೊಳ್ಳುತ್ತೇನೆ. ನಮ್ಮ ಕಥೆ ನಮ್ಮ ಕೈಯಲ್ಲಿರಬೇಕು ಅಂದೆನಲ್ಲ, ಅದು ಇಷ್ಟೇ, ಒಂದು ಸಾಲು.

ನಮ್ಮ ಬಿಸಿಲಿನ ಬಗ್ಗೆ ಒಂದು ಮಾತು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತೆ. ಬೆವರಿ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ವಾಂತಿ ಭೇದಿ ಆದರೂ ಹಾಗೆಯೇ. ಬಿಪಿ ಅಂತ ಒಮ್ಮೆಲೇ ಉಪ್ಪು ಬಿಟ್ಟರೂ ಹಾಗೆಯೇ. ಉಪವಾಸ ಹಿಡಿಯುವ ಮುಂಚೆ ಡಾಕ್ಟರನ್ನು ಕೇಳಿ. ನಡುಗುವುದು ಜಾಸ್ತಿಯಾಗಿ, ನಾಲಿಗೆ ತೊದಲಿ, ನಡೆಯುವಾಗ ತೂಗಾಡಿದರೆ ಮೂರು ತಿಂಗಳ ತಾರೀಕು ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ಗುಳಿಗೆ ಕೊನೆಯ ಪಟ್ಟಿ ಮುಟ್ಟುವ ಮುಂಚೆಯೇ ತಂದಿಟ್ಟುಕೊಳ್ಳಿ. ರಾತ್ರಿ ಹೊತ್ತು ಮನಸ್ಸು ತಡೆಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೆ ಹೇಳಬೇಕಾದದ್ದು ಇನ್ನೂ ಇತ್ತು, ಊಟದ ಹೊತ್ತಿಗೆ ಸಿಗಿ.

ಹೊರಗೆ ಒಬ್ಬ ಹುಡುಗ ಕೇಳಿದ, "ನಡುವೆ ತ್ರಾಸಾದ್ರ ಹೋಗಬಹುದೇನ್ರಿ ಮೇಡಂ?" ಹೋಗಬೇಕಪ್ಪ. ಈ ಶ್ರಾವಣದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಒಂದೇ ಥರ ಬಂದವು. ನಿದ್ದೆ ಮೂರು ತಾಸು, ರೊಟ್ಟಿ ಒಂದು. ನಾಲ್ಕನೇ ದಿನ ಮೊದಲ ಬಸ್ಸಿಗೆ ಬಂದೆ. ತಾರೀಕಿಗೆ ಇನ್ನೂ ಐದು ವಾರ ಇತ್ತು. ಡಾಕ್ಟರು ಬೈಯಲಿಲ್ಲ. ನೋಟ್‌ಬುಕ್ ಕೊಟ್ಟೆ. ಕಂಪ್ಯೂಟರ್ ಪಕ್ಕಕ್ಕೆ ಸರಿಸಿ ಓದಿದರು. ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು.

"ಒಂದೇ ರೊಟ್ಟಿ ಯಾಕಮ್ಮ?"