ಕಾಲೇಜಿನ ಹೆಸರು ನೌಕರಿಗೆ ಎಲ್ಲಿಯವರೆಗೆ ಬರುತ್ತದೆ?

ಕೇಳುಗರಿಗೆ ನಮಸ್ಕಾರ.

ಸಿಇಟಿ ರ‍್ಯಾಂಕ್ ಬಂದ ಮನೆಯಲ್ಲಿ ಊಟಕ್ಕೆ ಕೂತರೂ ಒಂದೇ ಮಾತು: ಯಾವ ಕಾಲೇಜು? ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರದು, ಬೆಳಗಾವಿಯ ಗೋಗಟೆ 1979ರದು, ವಿಜಯಪುರದ ಹಳಕಟ್ಟಿ ಕಾಲೇಜು 1980ರದು. ಮೂರಕ್ಕೂ ನಮ್ಮ ಭಾಗದಲ್ಲಿ ಹೆಸರಿದೆ. ಆದರೂ "ಬೆಂಗಳೂರಿಗೇ ಕಳಸ್ರಿ, ಕಂಪನಿ ಅಲ್ಲೇ ಬರತಾವ" ಎನ್ನುವ ಸೋದರಮಾವ ಒಬ್ಬರು ಇದ್ದೇ ಇರುತ್ತಾರೆ. ಮಾವನ ಮಾತು ಅರ್ಧ ನಿಜ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಾದ ಯುಎಸ್‌ಎನ್‌ನಲ್ಲಿ ಅಂಕಿ-ಅಕ್ಷರ ಸೇರಿ ಹತ್ತು ಇವೆ. ಮೊದಲನೆಯದು 1 ಆದರೆ ಬೆಂಗಳೂರು ವಲಯ, 2 ಆದರೆ ಬೆಳಗಾವಿ. ಮುಂದಿನ ಎರಡು ಕಾಲೇಜಿನ ಗುರುತು, ಬಸವೇಶ್ವರಕ್ಕೆ ಬಿಎ. ಆಮೇಲೆ ಸೇರಿದ ವರ್ಷ, ಶಾಖೆ, ಕ್ರಮಸಂಖ್ಯೆ. ಪದವಿ ಒಂದೇ ವಿಶ್ವವಿದ್ಯಾಲಯದ್ದಾದರೂ ಕಾಲೇಜು ಹೀಗೆ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಆದರೆ ಹೆಸರಿನ ಆಟ ನಡೆಯುವುದು ಇದಕ್ಕೂ ಮುಂಚೆ, ಕಂಪನಿ ಯಾವ ಊರಿಗೆ ಹೊರಡಬೇಕೆಂದು ಯೋಚಿಸುವಾಗ. ನಾಲ್ಕು ಜನರನ್ನು ಕಳಿಸಿ, ಎರಡು ದಿನ ಖರ್ಚು ಮಾಡಿ, ಕೈಗೆ ಇಬ್ಬರೇ ಸಿಕ್ಕರೆ ಅವರಿಗೆ ಲುಕ್ಸಾನು. ಹಿಂದೆ ಆಯ್ದವರು ಚೆನ್ನಾಗಿ ದುಡಿದ ಕಾಲೇಜಿಗೇ ಮತ್ತೆ ಬರುತ್ತಾರೆ. ಚಿಕ್ಕ ಕಾಲೇಜಿನವರು ಪೂಲ್ ಕ್ಯಾಂಪಸ್‌ಗೆಂದು, ಅಂದರೆ ಹಲವು ಕಾಲೇಜಿನವರಿಗೆ ಒಂದೇ ಕಡೆ ನಡೆಯುವ ಆಯ್ಕೆಗೆಂದು, ಬೇರೆ ಊರಿಗೆ ಬಸ್ಸು ಹಿಡಿಯಬೇಕು.

ಕಂಪನಿ ಬಂದ ಮೇಲೂ ಜರಡಿ ಇದೆ. ಅನೇಕ ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇಕಡಾ 60 ಕೇಳುತ್ತವೆ, ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರಬಾರದು. ಹತ್ತನೆಯದರಲ್ಲಿ 58 ತೆಗೆದವನನ್ನು ಅಲ್ಲಿ ಯಾವ ಕಾಲೇಜಿನ ಹೆಸರೂ ಕಾಯುವುದಿಲ್ಲ.

ಈಗ ಕಾಲೇಜಿನ ಗೇಟಿನ ಮೇಲಿನ ಬ್ಯಾನರ್‌ಗೆ ಬರೋಣ. ಅದರಲ್ಲಿ ಇರುವುದು ಅತಿ ದೊಡ್ಡ ಪ್ಯಾಕೇಜು, ಅಂದರೆ ಒಬ್ಬ ಹುಡುಗನ ಸಂಬಳ. ಅದನ್ನು ಬಿಡಿ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಮಾಹಿತಿ ಕೊಟ್ಟ ಕಾಲೇಜು ಅದನ್ನು ತನ್ನ ಜಾಲತಾಣದಲ್ಲೂ ಹಾಕಬೇಕು. ನಾಲ್ಕು ವರ್ಷದ ಪದವಿಯ ಕೋಷ್ಟಕ ತೆಗೆಯಿರಿ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಎಲ್ಲವೂ ಸಾಲಾಗಿ ಇರುತ್ತವೆ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಸೇರಿದವರು 480, ಪಾಸಾದವರು 380, ಕೆಲಸ ಸಿಕ್ಕವರು 190. ಬ್ಯಾನರ್ ಮಾತ್ರ "300 ಆಫರ್" ಅನ್ನುತ್ತದೆ. ಒಬ್ಬಳಿಗೇ ಮೂರು ಆಫರ್ ಬಂದರೆ ಮೂರು ಎಂದೇ ಎಣಿಸಿರುತ್ತಾರೆ. ಅದೇ ಸಾಲಿನಲ್ಲಿ ಮೀಡಿಯನ್ ಸಂಬಳವೂ ಇದೆ: ಕೆಲಸ ಸಿಕ್ಕವರೆಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನದು. ಕೆಲಸ ಸಿಕ್ಕರೆ ನಿಮ್ಮ ಮಗ ನಿಲ್ಲುವ ಸಾಧ್ಯತೆ ಅದರ ಆಸುಪಾಸಿನಲ್ಲೇ ಹೆಚ್ಚು.

ಇಲ್ಲೊಂದು ಕೊರತೆ ಇದೆ. ಈ ಅಂಕಿ ಇಡೀ ಕಾಲೇಜಿನದು. ಕಂಪ್ಯೂಟರ್ ಶಾಖೆಯ ಸಂಖ್ಯೆ ಸಿವಿಲ್ ಶಾಖೆಯ ಬಡತನವನ್ನು ಮುಚ್ಚಿಬಿಡುತ್ತದೆ. ಪ್ಲೇಸ್‌ಮೆಂಟ್ ಅಧಿಕಾರಿಯ ಬಳಿ ಶಾಖೆವಾರು ಪಟ್ಟಿ ಕೇಳಿ, ಕಳೆದ ಮೂರು ವರ್ಷದ್ದು. ಗುಣಮಟ್ಟ ಅಳೆಯುವ ಎರಡು ಸಂಸ್ಥೆಗಳ ಗುರುತೂ ನೋಡಿ: ನ್ಯಾಕ್ ಶ್ರೇಣಿ ಇಡೀ ಕಾಲೇಜಿಗೆ, ಎನ್‌ಬಿಎ ಮಾನ್ಯತೆ ಒಂದೊಂದು ಶಾಖೆಗೆ. ಅವಧಿ ಮುಗಿದಿದೆಯೇ ಎಂದೂ ನೋಡಿ.

ಹೆಸರು ನಡೆಯದ ದಾರಿಗಳೂ ಇವೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಸಂಸ್ಥೆ ಎನ್‌ಟಿಪಿಸಿಯ 2400 ಮೆಗಾವ್ಯಾಟ್ ಸ್ಥಾವರ ಕಣ್ಣೆದುರೇ ಇದೆ. ಆ ಸಂಸ್ಥೆ ತರಬೇತಿ ಇಂಜಿನಿಯರುಗಳನ್ನು ಆಯುವುದು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ: ಮೂರು ತಾಸು, 65 ಪ್ರಶ್ನೆ, 100 ಅಂಕ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗೆ ಹೋದರೆ ಡ್ರಾಯಿಂಗ್ ಓದಲು ಬರಬೇಕು. ಎರಕದಲ್ಲಿ ಗುಳ್ಳೆ ಎದ್ದರೆ ಮರಳಿನ ತೇವ ಹೆಚ್ಚಾಗಿತ್ತೋ, ಗಾಳಿ ಹೋಗುವ ದಾರಿ ಕಟ್ಟಿತ್ತೋ ಎಂದು ಹೇಳಲು ಬರಬೇಕು. ಎರಡು-ಮೂರು ವರ್ಷ ದುಡಿದ ಮೇಲೆ ಎಲ್ಲಿ ಏನು ಮಾಡಿದಿರಿ ಎಂದೇ ಮೊದಲು ಕೇಳುತ್ತಾರೆ. ಆಗಲೂ ಹಳೆಯ ಕಾಲೇಜಿನಿಂದ ಒಂದು ಉಪಯೋಗ ಉಳಿದಿರುತ್ತದೆ: ಕಂಪನಿಯೊಳಗಿನ ಸೀನಿಯರ್ ನಿಮ್ಮ ಹೆಸರನ್ನು ಮುಂದೆ ಮಾಡುವುದು.

ಕೊನೆಗೆ ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗೆ ಬೇಕಾದ ಕಾಲೇಜು-ಶಾಖೆಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ರ‍್ಯಾಂಕಿಗೆ ಎಟುಕುವ ಮೊದಲ ಸೀಟನ್ನೇ ಕೊಡುತ್ತಾರೆ. ಅದರ ಕೆಳಗಿನವು ಹೋದಂತೆಯೇ. ದೊಡ್ಡ ಕಾಲೇಜಿನ ಆಸೆಗೆ ಬೇಡದ ಶಾಖೆಯನ್ನು ಮೇಲೆ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ನಿಜವಾದ ಹಂಚಿಕೆಗೆ ಮುಂಚಿನ ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಸಿಗುತ್ತದೆ. ಆ ರಾತ್ರಿ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ಪಟ್ಟಿಯನ್ನು ಒಂದೊಂದಾಗಿ ಓದಿಸಿ. ನಮಸ್ಕಾರ.