ಮಾರುವ ಮುಂಚೆ ಬೆಂಚು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ನಮ್ಮ ಕಡೆ ಅಡಿಕೆ ಸುಲಿಯುವ ಕಾಲ. ಸಂಜೆಯಾದರೆ ಎಷ್ಟೋ ಮನೆಗಳಲ್ಲಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು, ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ನನ್ನ ಮಾತು ಮುಖ್ಯವಾಗಿ ನಿಮಗೇ. ವಿಷಯ ಫುಟ್‌ಬಾಲ್. 'ಅಯ್ಯೋ, ಅದು ನಮಗ್ಯಾಕೆ' ಅಂತ ರೇಡಿಯೊ ಆರಿಸಬೇಡಿ. ತೋಟ ಮಾಡಿದವರಿಗೆ ಈ ವಿಷಯ ಕ್ಲಬ್ ಕಮಿಟಿಯವರಿಗಿಂತ ಬೇಗ ಅರ್ಥವಾಗುತ್ತದೆ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ, ಸಂಜೆ ಹೊತ್ತು ಕ್ಲಬ್ ಹುಡುಗರಿಗೆ ಕೋಚ್ ಆಗಿ ಎರಡೂ ಕಡೆಯವರ ಜೊತೆ ಮಾತಾಡಿ ನೋಡಿದ್ದೇನೆ.

ಪ್ರಶ್ನೆ ಇಷ್ಟೇ. ಊರಿನ ಕ್ಲಬ್ಬಿನಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಚೆನ್ನಾಗಿ ಆಡುತ್ತಿದ್ದಾನೆ. ಬೆಂಗಳೂರಿನಿಂದ ಒಂದು ಕ್ಲಬ್ಬಿನವರು ಕೇಳಿಕೊಂಡು ಬರುತ್ತಾರೆ. ಇಷ್ಟು ಹಣ ಕೊಡುತ್ತೇವೆ, ಹುಡುಗನನ್ನು ಬಿಟ್ಟುಕೊಡಿ ಅನ್ನುತ್ತಾರೆ. ಕೊಡಬೇಕಾ, ಇಟ್ಟುಕೊಳ್ಳಬೇಕಾ? ಕಮಿಟಿಯಲ್ಲಿ ಅರ್ಧ ಜನ 'ಕೊಟ್ಟುಬಿಡಿ, ಸಾಲ ತೀರಲಿ' ಅನ್ನುತ್ತಾರೆ. ಇನ್ನರ್ಧ ಜನ 'ಕೊಟ್ಟರೆ ಟೀಮ್ ಮುಗಿದ ಹಾಗೆ' ಅನ್ನುತ್ತಾರೆ. ರಾತ್ರಿ ಹನ್ನೊಂದರವರೆಗೆ ಜಗಳ. ಅಷ್ಟು ಹೊತ್ತಿನ ಜಗಳದಲ್ಲಿ ಒಬ್ಬರೂ ಬೆಂಚಿನ ಮಾತು, ಅಂದರೆ ಬದಲಿಗೆ ಇಳಿಯಲು ಗೆರೆಯ ಆಚೆ ಕೂತು ಕಾಯುವ ಹುಡುಗರ ಮಾತು, ಎತ್ತುವುದಿಲ್ಲ.

ನನ್ನ ಉತ್ತರ ಮೂರೇ ಪದ. ಬೆಂಚು ನೋಡಿ ಮಾರಿ. ಅವನ ಜಾಗದಲ್ಲಿ ಆಡುವ ಇನ್ನೊಬ್ಬ ಹುಡುಗ ನಿಮ್ಮಲ್ಲಿ ಇದ್ದಾನಾ? ಸುಮ್ನೆ ಜೆರ್ಸಿ ಹಾಕಿಕೊಂಡು ಕೂತಿದ್ದಾನಾ, ಇಲ್ಲಾ ನಿಜವಾದ ಮ್ಯಾಚಿನಲ್ಲಿ ಇಳಿದು ಆಡಿದ್ದಾನಾ? ಆಡಿದ್ದರೆ ದೊಡ್ಡವನನ್ನು ಸಂತೋಷದಿಂದ ಕಳಿಸಿ. ಇಲ್ಲದಿದ್ದರೆ ಎಷ್ಟು ಕೊಟ್ಟರೂ ಬೇಡ.

ತೋಟದಲ್ಲಿ ನಾವು ಏನು ಮಾಡುತ್ತೇವೆ ಹೇಳಿ. ಹಳೇ ಮರ ತೀರಾ ಎತ್ತರ ಹೋಗಿ ಫಸಲು ಇಳಿಯುವ ಮುಂಚೆಯೇ ಎರಡು ಮರದ ನಡುವೆ ಸಸಿ ಇಡುತ್ತೇವೆ. ಅದು ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಲ್ಲಿವರೆಗೆ ಹಳೇ ಮರದ ನೆರಳಿನಲ್ಲಿ ಬೆಳೆಯುತ್ತದೆ. ಮಳೆಗಾಲದ ಗಾಳಿಗೆ ದೊಡ್ಡದು ಮುರಿದು ಬಿದ್ದರೂ ತೋಟ ಬೋಳಾಗುವುದಿಲ್ಲ. ಮರ ಬಿದ್ದ ಮೇಲೆ ಸಸಿ ಹುಡುಕಿಕೊಂಡು ನರ್ಸರಿಗೆ ಓಡುವವನನ್ನು ನಾವು ರೈತ ಅನ್ನುವುದಿಲ್ಲ, ಅಲ್ವಾ? ಫುಟ್‌ಬಾಲ್ ಬೆಂಚು ಅಂದರೆ ಆ ಸಸಿಗಳ ಸಾಲು. ಅಷ್ಟೇ ವಿಷಯ.

ದೊಡ್ಡ ದೊಡ್ಡ ಕ್ಲಬ್ಬಿನವರ ಲೆಕ್ಕವೂ ಬೇರೆಯಲ್ಲ. ನೆದರ್ಲೆಂಡ್ಸ್ ದೇಶದ ಆಮ್‌ಸ್ಟರ್‌ಡಾಮ್‌ನಲ್ಲಿ ಅಯಾಕ್ಸ್ ಅಂತ ಒಂದು ಕ್ಲಬ್ ಇದೆ. ಹುಡುಗರನ್ನು ಬೆಳೆಸಿ ಮಾರುವುದರಲ್ಲಿ ಎತ್ತಿದ ಕೈ. ಅವರು ಹುಡುಗರಿಗೆ ತರಬೇತಿ ಕೊಡುವ ಜಾಗದ ಹೆಸರೇ ಅವರ ಭಾಷೆಯಲ್ಲಿ 'ಭವಿಷ್ಯ'. 2019ರಲ್ಲಿ ಅವರು ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್‌ವರೆಗೆ ಹೋದರು. ನಾಯಕ ಡಿ ಲಿಖ್ಟ್‌ಗೆ ಆಗ 19 ವರ್ಷ. ಆ ಬೇಸಿಗೆಯಲ್ಲೇ ಅವನು ಇಟಲಿಯ ಯುವೆಂಟಸ್ ಕ್ಲಬ್ಬಿಗೆ ಹೋದ, ಜೊತೆಗಾರ ಡಿ ಯಾಂಗ್ ಸ್ಪೇನಿನ ಬಾರ್ಸಿಲೋನಾಗೆ ಹೋದ. ತಲಾ ಸುಮಾರು 75 ಮಿಲಿಯನ್ ಯೂರೋ. ನಮ್ಮ ಲೆಕ್ಕದಲ್ಲಿ ಒಬ್ಬೊಬ್ಬನಿಗೆ 500 ಕೋಟಿ ರೂಪಾಯಿಗೂ ಜಾಸ್ತಿ. ಟೀಮ್ ಮುಗಿಯಿತಾ? ಇಲ್ಲ. 2021ರಲ್ಲಿ ತಮ್ಮ ದೇಶದ ಲೀಗ್ ಗೆದ್ದರು, 2022ರಲ್ಲಿ ಮತ್ತೆ ಗೆದ್ದರು. ಹಿಂದಿನ ಸಾಲಿನಲ್ಲಿ ಗ್ರಾವೆನ್‌ಬೆರ್ಖ್, ಟಿಂಬರ್ ಅಂಥ ಹುಡುಗರು ಬೆಳೆದು ನಿಂತಿದ್ದರು.

ಅದೇ ಕ್ಲಬ್, ಅದೇ ಮೈದಾನ. 2022ರಲ್ಲಿ ಒಂದೇ ಬೇಸಿಗೆಯಲ್ಲಿ ಆಂಟನಿ, ಲಿಸಾಂಡ್ರೊ ಮಾರ್ಟಿನೆಜ್, ಗ್ರಾವೆನ್‌ಬೆರ್ಖ್ ಮೂವರನ್ನೂ ಕೊಟ್ಟರು. ಆಂಟನಿ ಒಬ್ಬನಿಗೇ ಸುಮಾರು 95 ಮಿಲಿಯನ್ ಯೂರೋ ಬಂತು. ಮರುವರ್ಷ ಟಿಂಬರ್, ಕುಡೂಸ್, ಆಲ್ವಾರೆಜ್ ಹೋದರು. ಈ ಸಲ ಹಿಂದಿನ ಸಾಲು ತಯಾರಿರಲಿಲ್ಲ. ಬಂದ ದುಡ್ಡಿನಲ್ಲಿ ಹೊರಗಿನಿಂದ ಗುಂಪಾಗಿ ಕೊಂಡು ತಂದು ತುಂಬಿದರು. 2023ರ ಅಕ್ಟೋಬರ್ ಕೊನೆಗೆ ಅಯಾಕ್ಸ್ ತನ್ನ ದೇಶದ 18 ತಂಡಗಳ ಲೀಗಿನಲ್ಲಿ ಕಟ್ಟಕಡೆಗೆ ಬಿದ್ದಿತ್ತು. ಅವರ ಹತ್ತಿರ ದುಡ್ಡಿಗೆ ಕಮ್ಮಿ ಇರಲಿಲ್ಲ. ಬೆಂಚು ಇರಲಿಲ್ಲ. ಬೆಂಚು ನೋಡಿ ಮಾರಿ ಅಂತ ನಾನು ಬಡ್ಕೊಳ್ಳುವುದು ಇದಕ್ಕೇ.

ಈಗ ನಮ್ಮದೇ ಕಥೆ ಹೇಳುತ್ತೇನೆ. ಎಲ್ಲಿ ಕರೆದರೂ ಇದನ್ನು ಹೇಳುತ್ತೇನೆ. ಕೇಳಿದವರು ಇನ್ನೊಂದು ಸಲ ಕೇಳಿ.

ಹದಿನೈದು ವರ್ಷದ ಹಿಂದಿನ ಮಾತು. ಭದ್ರಾವತಿ ಕಡೆಯ ಒಂದು ಚಿಕ್ಕ ಕ್ಲಬ್ಬಿಗೆ ನಾನು ಕೋಚ್. ಇದ್ದದ್ದು ಹದಿನಾಲ್ಕು ಹುಡುಗರು. ಅದರಲ್ಲಿ ಒಬ್ಬ ಸ್ಟಾಪರ್. ಗೋಲ್‌ಕೀಪರ್ ಮುಂದೆ ಗೋಡೆ ಹಾಗೆ ನಿಲ್ಲುವವನು. ಅಪ್ಪ ಲಾರಿ ಓಡಿಸುತ್ತಿದ್ದರು. ಹುಡುಗನದು ಒಂದೇ ಅಭ್ಯಾಸ. ಎದುರಿನವನ ಮುಖ ನೋಡುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದ. ಚೆಂಡು ಆ ಕಾಲಿನಿಂದ ಒಂದು ಗೇಣು ದೂರ ಹೋಯಿತು ಅಂದರೆ ಅದು ಇವನದೇ.

ಟೂರ್ನಮೆಂಟಿಗೆ ಮೂರು ವಾರ ಇರುವಾಗ ಬೆಂಗಳೂರಿನ ಒಂದು ಕ್ಲಬ್ಬಿನವರು ಬಂದರು. ನಲವತ್ತು ಸಾವಿರ ಅಂದರು. ನಮಗೆ ಜೆರ್ಸಿ ಅಂಗಡಿಯಲ್ಲಿ ಸಾಲ, ವ್ಯಾನ್ ಬಾಡಿಗೆ ಬಾಕಿ. ಕಮಿಟಿ ಐದು ನಿಮಿಷದಲ್ಲಿ ಒಪ್ಪಿತು. ನಾನೂ ಒಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಅವನ ಜಾಗಕ್ಕೆ ಯಾರು ಅಂತ ಕೇಳಿದ್ದಕ್ಕೆ 'ಯಾರಾದ್ರೂ ಆಡ್ತಾರೆ ಬಿಡಿ ಮೇಷ್ಟ್ರೇ' ಅಂದರು. ಯಾರಾದ್ರೂ! ಈ ಒಂದು ಪದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮಿಡ್‌ಫೀಲ್ಡಿನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ ಆಡುತ್ತಿದ್ದವನನ್ನು ಹಿಂದಕ್ಕೆ ಎಳೆದು ಸ್ಟಾಪರ್ ಮಾಡಿದೆ. ಎರಡು ಮ್ಯಾಚು ಹೇಗೋ ಗೆದ್ದೆವು. ಸೆಮಿಫೈನಲ್ ದಿನ ಜುಲೈ ತಿಂಗಳ ಮಳೆ. ನಮ್ಮ ಮಳೆ ನಿಮಗೆ ಗೊತ್ತಲ್ಲ, ಬೆಳಿಗ್ಗೆ ಹಿಡಿದದ್ದು ಸಂಜೆಯಾದರೂ ಬಿಡಲಿಲ್ಲ. ಗೋಲುಕಂಬದ ಮುಂದೆ ಪಾದ ಮುಳುಗುವಷ್ಟು ಕೆಸರು. ಚೆಂಡು ಒದ್ದರೆ ನಾಲ್ಕು ಮಾರು ಹೋಗಿ ನೀರಿನಲ್ಲಿ ಪಚಕ್ಕನೆ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ಆಗಿರಬೇಕು, ಆ ಹೊಸ ಸ್ಟಾಪರ್ ಕಾಲು ಉಳುಕಿಸಿಕೊಂಡ. ಇಬ್ಬರು ಹೆಗಲು ಕೊಟ್ಟು ಕರೆತಂದರು.

ನಾನು ತಿರುಗಿ ಬೆಂಚು ನೋಡಿದೆ. ಬೆಂಚು ಅಂದರೆ ಶಾಲೆಯಿಂದ ಹೊತ್ತು ತಂದ ಉದ್ದನೆ ಹಲಗೆ, ಮೇಲೆ ಒಂದು ಟಾರ್ಪಾಲು. ಅದರ ಕೆಳಗೆ ಇಬ್ಬರು. ಒಬ್ಬನಿಗೆ ಹಿಂದಿನ ರಾತ್ರಿಯಿಂದ ಜ್ವರ, ಕಂಬಳಿ ಹೊದ್ದು ಕೂತಿದ್ದ. ಇನ್ನೊಬ್ಬ ನಮ್ಮ ಗೋಲ್‌ಕೀಪರ್‌ನ ತಮ್ಮ. ಹದಿನಾಲ್ಕು ವರ್ಷ. ಪಟ್ಟಿಯಲ್ಲಿ ಅವನ ಹೆಸರು ಬರೆದದ್ದೇ ಸಂಖ್ಯೆ ತುಂಬಿಸಲು. ಕಾಲಿಗೆ ಶಾಲೆಯ ಬಿಳಿ ಕ್ಯಾನ್‌ವಾಸ್ ಶೂ. ಕೆಸರಿನಲ್ಲಿ ಜಾರದ ಹಾಗೆ ಬೂಟಿನ ಅಡಿಗೆ ಇರುವ ಸ್ಟಡ್ ಇಲ್ಲ. 'ಸಾರ್, ನಾನಾ?' ಅಂದ. ಜೆರ್ಸಿ ತೊಡಿಸಿದೆ, ಅದು ಮೊಣಕಾಲಿಗೆ ಬಂತು. ತೋಳು ಎರಡೆರಡು ಸಲ ಮಡಿಸಿದೆ. ಮಡಿಸುವಾಗ ಅವನ ಕೈ ನಡುಗುತ್ತಿತ್ತು. ಚಳಿಗೋ ಭಯಕ್ಕೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ರೈಟ್ ಬ್ಯಾಕ್, ಅಂದರೆ ಗೋಲಿನ ಮುಂದೆ ಬಲಗಡೆ ಕಾಯುವವನನ್ನು ನಡುವೆ ನಿಲ್ಲಿಸಿ, ಇವನನ್ನು ರೈಟ್ ಬ್ಯಾಕಿಗೆ ಕಳಿಸಿದೆ. ಎದುರು ತಂಡಕ್ಕೆ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಆಮೇಲೆ ಎಲ್ಲ ಚೆಂಡೂ ಅದೇ ಕಡೆ. ತಿರುಗಿದ ಕೂಡಲೇ ಜಾರುತ್ತಿದ್ದ. ಏಳುತ್ತಿದ್ದ, ಮತ್ತೆ ಜಾರುತ್ತಿದ್ದ. ಮೂರನೇ ಗೋಲು ಹೇಗಾಯಿತು ಅಂದರೆ, ಚೆಂಡು ಹೊಂಡದಲ್ಲಿ ನಿಂತಿತ್ತು. ಅಣ್ಣನ ಕಡೆಗೆ ತಳ್ಳೋಣ ಅಂತ ಕಾಲು ಬೀಸಿದ. ಚೆಂಡು ಸಿಗಲಿಲ್ಲ, ಅಂಗಾತ ಬಿದ್ದ. ಎದುರಿನವನು ಪಕ್ಕದಲ್ಲಿ ನಡೆದುಕೊಂಡೇ ಹೋಗಿ ಗೋಲು ಹಾಕಿದ. ಕೊಡೆ ಹಿಡಿದು ನಿಂತಿದ್ದ ಜನ ನಕ್ಕರು. ಅಣ್ಣ ಎಲ್ಲರೆದುರು ಬೈದ.

ಮ್ಯಾಚು ಮುಗಿದ ಮೇಲೆ ಆ ಹುಡುಗ ಹಲಗೆಯ ತುದಿಯಲ್ಲಿ ಕೂತು ಶೂ ಬಿಚ್ಚಿ ಕೆಸರು ನೀರು ಸುರಿಯುತ್ತಿದ್ದ. ಒಂದು ಶೂ ಸುರಿದ, ಇನ್ನೊಂದು ಸುರಿದ. ನೀರು ಖಾಲಿಯಾದರೂ ಬಗ್ಗಿಸಿಕೊಂಡೇ ಇದ್ದ, ತಲೆ ಎತ್ತಲಿಲ್ಲ.

ಮರುದಿನ ಗ್ರೌಂಡಿಗೆ ಬರಲಿಲ್ಲ. ಮೂರು ಸಲ ಮನೆಗೆ ಹೋದೆ. 'ಓದ್ತಾ ಇದ್ದಾನೆ ಸಾರ್' ಅಂದರು ತಾಯಿ. ಬಾಗಿಲ ಹಿಂದೆ ಅವನ ಕಾಲು ಕಾಣುತ್ತಿತ್ತು. ಮತ್ತೆ ಯಾವತ್ತೂ ಆಡಲಿಲ್ಲ. ಎರಡು ವರ್ಷ ಹದವಾಗಿ ಬೆಳೆಸಿದ್ದರೆ ಒಳ್ಳೇ ಆಟಗಾರ ಆಗುತ್ತಿದ್ದ. ನಾನು ಮೇಷ್ಟ್ರು, ನನಗೆ ಗೊತ್ತಾಗುತ್ತದೆ. ಒಬ್ಬನನ್ನು ಕೊಟ್ಟೆವು ಅಂದುಕೊಂಡಿದ್ದೆವು. ಹೋದವರು ಇಬ್ಬರು.

ಬೆಂಗಳೂರಿಗೆ ಹೋದವನ ಕಥೆಯನ್ನೂ ಕೇಳಿ. ಇಡೀ ಸೀಸನ್‌ನಲ್ಲಿ ಅವನು ಆಡಿದ್ದು ಎರಡೇ ಮ್ಯಾಚು. ದೀಪಾವಳಿಗೆ ಬಂದಾಗ 'ಸಾರ್, ಅಲ್ಲಿ ನನ್ನ ಜಾಗಕ್ಕೆ ನಾಲ್ಕು ಜನ ಇದ್ದೀವಿ' ಅಂದ. ಆಗ ನನಗೆ ಹೊಳೆಯಿತು. ಅವರು ನಮ್ಮ ಹುಡುಗನನ್ನು ಕೊಂಡದ್ದು ತಮ್ಮ ಬೆಂಚು ತುಂಬಿಸಿಕೊಳ್ಳಲಿಕ್ಕೆ! ನಲವತ್ತು ಸಾವಿರ ಕೊಟ್ಟು ಅವರು ಬೆಂಚು ತುಂಬಿಸಿಕೊಂಡರು, ನಾವು ನಮ್ಮದನ್ನು ಖಾಲಿ ಮಾಡಿಕೊಂಡೆವು. ಬೆಂಚಿಗೆ ಬೆಲೆ ಇದೆ ಅಂತ ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಆ ವರ್ಷದಿಂದ ಒಂದು ನಿಯಮ ಮಾಡಿದೆ. ಒಂದೊಂದು ಜಾಗಕ್ಕೆ ಇಬ್ಬರು. ಫ್ರೆಂಡ್ಲಿ ಮ್ಯಾಚುಗಳ ಕೊನೆಯ ಇಪ್ಪತ್ತು ನಿಮಿಷ ಚಿಕ್ಕವನದು, ಸೋಲುತ್ತಿದ್ದರೂ ಅವನದೇ. ದೊಡ್ಡವನು ಗೆರೆಯ ಆಚೆ ನಿಂತು ಅವನಿಗೆ ಹೇಳಿಕೊಡಬೇಕು. ನಾಲ್ಕು ವರ್ಷದ ನಂತರ ಇನ್ನೊಬ್ಬ ಹುಡುಗನನ್ನು ಕೇಳಿಕೊಂಡು ಬಂದರು. ಅವನ ಹಿಂದಿನವನು ಆಗಲೇ ಹನ್ನೆರಡು ಮ್ಯಾಚು ಆಡಿದ್ದ. ಕೊಟ್ಟೆವು. ಬಂದ ಹಣದಲ್ಲಿ ಚೆಂಡು, ಬೂಟು ತಂದೆವು. ಚಿಕ್ಕವರಿಗೂ ಸ್ಟಡ್ ಇರುವ ಬೂಟು.

ಕಥೆಯೇ ಅರ್ಧಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಹುಡುಗರು ಊರು ಬಿಟ್ಟು ಹೋಗಬಾರದು ಅಂತ ನಾನು ಹೇಳುತ್ತಿಲ್ಲ. ಹೋಗಬೇಕು. ಲಂಡನ್, ಹೆಲ್ಸಿಂಕಿ ಎರಡೂ ಒಲಿಂಪಿಕ್ಸ್ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ದೇಶಕ್ಕೆಲ್ಲ ಹೆಸರಾದದ್ದು ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಹೋಗಿ ಆಡಿ. ಅಂಥವರು ಹೋದ ಮೇಲೂ ನಮ್ಮ ಮೈಸೂರು ರಾಜ್ಯದ ತಂಡ 1952-53ರಲ್ಲಿ ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ಆಗಿನವರ ಹತ್ತಿರ ಹಿಂದಿನ ಸಾಲು ಇತ್ತು.

ಬೆಂಚು ಈಗ ಮೊದಲಿಗಿಂತ ಜಾಸ್ತಿ ಬೇಕು. 1966ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಪೆಲೆ ಪೆಟ್ಟು ತಿಂದಾಗ ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇರಲಿಲ್ಲ, ಕುಂಟುತ್ತಲೇ ಮೈದಾನದಲ್ಲಿ ಉಳಿದರು. 1970ರ ವಿಶ್ವಕಪ್‌ನಲ್ಲಿ ಇಬ್ಬರನ್ನು ಬದಲಿಸಬಹುದು ಅಂತಾಯಿತು. ಈಗ ಐವರು. ಅಂದರೆ ಅರ್ಧ ತಂಡವೇ ಬೆಂಚಿನಿಂದ ಬರುತ್ತದೆ. ಇನ್ನೂ ಹನ್ನೊಂದೇ ಜನರ ಲೆಕ್ಕ ಹಾಕುವ ಕಮಿಟಿಗಳಿವೆಯಲ್ಲ, ಅವರಿಗೆ ಏನು ಹೇಳುವುದು?

ಇನ್ನೊಂದು. ಹುಡುಗರು ಹನ್ನೆರಡು ವರ್ಷದವರಾದಾಗಲೇ ಕ್ಲಬ್ಬಿನ ಹೆಸರಿನಲ್ಲಿ ನೋಂದಣಿ ಮಾಡಿಸಿ, ಕಾಗದ ಜೋಪಾನವಾಗಿ ಇಡಿ. ಮುಂದೆ ಅವನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬು ಹಣ ಕೊಟ್ಟು ಕೊಂಡರೆ, ಆ ಹಣದಲ್ಲಿ ನೂರಕ್ಕೆ ಐದು ಭಾಗ ಹನ್ನೆರಡರಿಂದ ಇಪ್ಪತ್ಮೂರನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಇದು ಜಗತ್ತಿನ ಫುಟ್‌ಬಾಲ್ ನೋಡಿಕೊಳ್ಳುವ ಸಂಸ್ಥೆ ಫಿಫಾದ ನಿಯಮ. ಕಾಗದ ಇಲ್ಲದಿದ್ದರೆ ಕೇಳುವುದು ಹೇಗೆ?

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗನನ್ನು ದೊಡ್ಡ ಕ್ಲಬ್ಬಿನವರು ಕರೆದರೆ ದುಡ್ಡು ಕೇಳುವ ಮುಂಚೆ 'ಅವನ ಜಾಗಕ್ಕೆ ನಿಮ್ಮಲ್ಲಿ ಈಗ ಎಷ್ಟು ಜನ ಇದ್ದಾರೆ' ಅಂತ ಕೇಳಿ. ನಾಲ್ಕು ಜನ ಅಂದರೆ ಒಂದು ವರ್ಷ ತಡೆಯಿರಿ. ನೀವೂ ಬೆಂಚು ನೋಡಿಯೇ ಕಳಿಸಿ.

ಕ್ಲಬ್ ನಡೆಸುವವರು ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಹನ್ನೊಂದು ಹೆಸರು ಬರೆಯಿರಿ. ಒಂದೊಂದು ಹೆಸರಿನ ಎದುರು ಇನ್ನೊಂದು ಹೆಸರು ಬರೆಯಿರಿ. 'ಯಾರಾದ್ರೂ' ಅಂತ ಬರೆಯಬೇಡಿ, ಹೆಸರೇ ಬರೆಯಿರಿ. ಎಲ್ಲಿ ಖಾಲಿ ಉಳಿಯುತ್ತದೋ ಆ ಜಾಗದ ಹುಡುಗನನ್ನು ಈ ವರ್ಷ ಯಾರು ಕೇಳಿದರೂ ಕೊಡಬೇಡಿ. ನನ್ನ ಹಾಳೆಯಲ್ಲಿ ಈಗ ಲೆಫ್ಟ್ ಬ್ಯಾಕ್ ಎದುರು ಖಾಲಿ ಇದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಗ್ರೌಂಡಿನಲ್ಲಿ ಇರುತ್ತೇನೆ. ಎಡಗಾಲಿನಲ್ಲಿ ಒದೆಯುವ ಹುಡುಗರು ಮನೆಯಲ್ಲಿದ್ದರೆ ಕಳಿಸಿಕೊಡಿ. ಬೂಟು ಇಲ್ಲದಿದ್ದರೂ ಕಳಿಸಿ, ನಮ್ಮಲ್ಲಿ ಇದೆ.

ನಮಸ್ಕಾರ.