ಬೆಂಕಿ ಆರಿದ ಮೇಲಿನ ಅರ್ಧ ಗಂಟೆ

ಎಲ್ಲರಿಗೂ ನಮಸ್ಕಾರ.

1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ ಹತ್ತಾರು ಮಂದಿ ಅಲ್ಲೇ ಪ್ರಾಣ ಬಿಟ್ಟರು. ಅವರ ನೆನಪಿನ ಈ ಅಗ್ನಿಶಾಮಕ ಸಪ್ತಾಹದಲ್ಲಿ ನಮ್ಮವರ ಧೈರ್ಯವನ್ನು ಕೊಂಡಾಡುವುದು ವಾಡಿಕೆ. ನಾನು ಇಂದು ನನ್ನಿಂದಾದ ಒಂದು ತಪ್ಪಿನಿಂದ ಮಾತು ಆರಂಭಿಸುತ್ತೇನೆ. ಮುಂದಿನ ಸಾಲುಗಳಲ್ಲಿ ಕುಳಿತಿರುವ ಹೊಸ ಸಿಬ್ಬಂದಿ ಅದನ್ನು ಕೇಳಿಸಿಕೊಳ್ಳಬೇಕೆಂದೇ ನಾನು ಬಂದಿದ್ದೇನೆ.

ಈ ಊರಿನ ಅಗ್ನಿಶಾಮಕ ಠಾಣೆಯೊಂದಕ್ಕೆ ನಾನು ಸೇರಿದ ಹೊಸತು. ಒಂದು ಸಂಜೆ ವಠಾರದ ಮನೆಯೊಂದರಿಂದ ಕರೆ ಬಂತು. ಇದ್ದದ್ದು ಒಂದೇ ಕೋಣೆ, ಅದರ ಮೂಲೆಯಲ್ಲೇ ಅಡುಗೆ. ನಾವು ತಲುಪುವಷ್ಟರಲ್ಲಿ ನೆರೆಯವರು ಆ ಮನೆಯ ಹೆಣ್ಣುಮಗಳಿಗೆ ಕಂಬಳಿ ಹೊದಿಸಿ ಆಸ್ಪತ್ರೆಗೆ ಒಯ್ದಿದ್ದರು. ಉಳಿದ ಬೆಂಕಿಯನ್ನು ಹತ್ತು ನಿಮಿಷದಲ್ಲಿ ಆರಿಸಿದೆವು. ಸೀಮೆಎಣ್ಣೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಮತ್ತೆ ಹೊತ್ತಿಕೊಂಡೀತೆಂಬ ಭಯಕ್ಕೆ ನಾನು ಪಂಪ್ ಸ್ಟೌವನ್ನು ಎತ್ತಿಕೊಂಡು ಹೋಗಿ ಹೊರಗೆ ಚರಂಡಿಯ ಪಕ್ಕದಲ್ಲಿಟ್ಟೆ. ಆಕೆ ಉಳಿಯಲಿಲ್ಲ. ಸ್ಟೌ ಸಿಡಿಯಿತು ಎಂದು ಗಂಡನ ಮನೆಯವರು ಹೇಳಿದರು, ಎಣ್ಣೆ ಸುರಿದರು ಎಂದು ತವರಿನವರು ಹೇಳಿದರು. ಕೆಲವು ವರ್ಷಗಳ ನಂತರ ಸಾಕ್ಷಿ ಕಟ್ಟೆಯಲ್ಲಿ ನಿಂತ ನನ್ನನ್ನು ವಕೀಲರು ಕೇಳಿದರು: ಸ್ಟೌ ಎಲ್ಲಿತ್ತು? ನೆಟ್ಟಗಿತ್ತೋ ಉರುಳಿತ್ತೋ? ಗಾಳಿ ಬಿಡುವ ತಿರುಪು ಬಿಗಿಯಾಗಿತ್ತೋ ಸಡಿಲವಾಗಿತ್ತೋ? ಟ್ಯಾಂಕ್ ಒಡೆದಿತ್ತೋ? ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಆ ಎರಡು ಮಾತುಗಳಲ್ಲಿ ಯಾವುದು ನಿಜವೆಂದು ಹೇಳಬಲ್ಲ ವಸ್ತುವನ್ನು ಅದರ ಜಾಗದಿಂದ ಎತ್ತಿದವನು ನಾನೇ.

ಅದು ಒಂದು ಮನೆಯ ಕತೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಮಹಿಳಾ ಹಕ್ಕುಗಳ ಸಂಘಟನೆ ವಿಮೋಚನಾದ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ‘ಸ್ಟೌ ಸಿಡಿತ’ ಎಂದು ಬರೆದು ಮುಚ್ಚಿದ ಸಾವುಗಳ ಬೆನ್ನು ಹತ್ತಿದರು. ಅವರು ಕೇಳಿದ್ದು ಸರಳ ಪ್ರಶ್ನೆ: ಇಷ್ಟೊಂದು ಸ್ಟೌಗಳು ಎಳೆಯ ಸೊಸೆಯರ ಕೈಯಲ್ಲೇ ಏಕೆ ಸಿಡಿಯುತ್ತವೆ? ನಿಜವಾಗಿ ಸಿಡಿದ ಟ್ಯಾಂಕ್ ಒಳಗಿನ ಒತ್ತಡಕ್ಕೆ ಉಬ್ಬಿರುತ್ತದೆ, ಬೆಸುಗೆಯ ಅಂಚಿನಲ್ಲಿ ಹೊರಮುಖವಾಗಿ ಹರಿದಿರುತ್ತದೆ. ಟ್ಯಾಂಕ್ ಇಡಿಯಾಗಿದ್ದು, ಒತ್ತಡವೂ ಉಳಿದಿದ್ದು, ಎಣ್ಣೆ ಮಾತ್ರ ಸೀರೆಯ ಮೇಲೂ ನೆಲದ ಮೇಲೂ ಸಿಕ್ಕರೆ ತನಿಖೆ ಬೇರೆಯೇ ದಾರಿ ಹಿಡಿಯಬೇಕು. ಆದರೆ ಯಾರೋ ಎತ್ತಿ ಒರೆಸಿಟ್ಟ ಸ್ಟೌವಿನಿಂದ ಇದನ್ನು ಓದುವುದು ಕಷ್ಟ. ಅರ್ಧ ಸುಟ್ಟ ಬಟ್ಟೆಯ ಮಾತೂ ಅಷ್ಟೇ. ಅದನ್ನು ಕಸವೆಂದು ಎಸೆಯಲು ಯಾರನ್ನೂ ಬಿಡಬೇಡಿ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಒಳಗೆ ಜೀವವಿದ್ದರೆ ಸಾಕ್ಷ್ಯದ ಯೋಚನೆ ಬೇಡ. ಬಾಗಿಲು ಮುರಿಯಿರಿ, ಗೋಡೆ ಒಡೆಯಿರಿ. ನಾನು ಹೇಳುತ್ತಿರುವುದು ಅದರ ನಂತರದ ಅರ್ಧ ಗಂಟೆಯ ವಿಷಯ. ಜ್ವಾಲೆ ತಗ್ಗಿದೆ, ಜನ ಹೊರಗಿದ್ದಾರೆ, ಕೈಯಲ್ಲಿ ಹಾರೆ, ಸಲಿಕೆಗಳಿವೆ. ಸಾಕ್ಷ್ಯ ಬೆಂಕಿಯಲ್ಲಿ ಹಾಳಾಗುವುದಕ್ಕಿಂತ ಹೆಚ್ಚಾಗಿ ಈ ಹೊತ್ತಿನಲ್ಲಿ ನಮ್ಮ ಕೈಯಿಂದ ಹಾಳಾಗುವುದನ್ನು ನಾನು ಕಂಡಿದ್ದೇನೆ.

ಪೊಲೀಸರು, ವಿಧಿವಿಜ್ಞಾನ ತಜ್ಞರು, ವಿಮೆಯವರು ಎಲ್ಲರೂ ನೋಡುವುದು ಸತ್ತ ಬೆಂಕಿಯನ್ನು. ಜೀವಂತ ಬೆಂಕಿಯನ್ನು ಕಣ್ಣಾರೆ ಕಂಡ ತರಬೇತಿ ಪಡೆದ ಸಾಕ್ಷಿ ನೀವೊಬ್ಬರೇ. ವಾಹನ ತಿರುವಿನಲ್ಲಿ ಬರುವಾಗಲೇ ಜ್ವಾಲೆ ಯಾವ ಕಿಟಕಿಯಲ್ಲಿತ್ತು, ಒಂದೇ ಕಡೆ ಇತ್ತೋ ನಂಟಿಲ್ಲದ ಎರಡು ಕಡೆ ಇತ್ತೋ ನೋಡಿ. ಬಾಗಿಲಿಗೆ ಬೀಗ ಇತ್ತೇ, ಚಿಲಕ ಒಳಗಿನಿಂದ ಹಾಕಿತ್ತೋ ಹೊರಗಿನಿಂದಲೋ ನೋಡಿ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರೂ ಅವರಲ್ಲಿದ್ದರು. ಅಂತಹ ಕಟ್ಟಡದಲ್ಲಿ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬುದೇ ಹೊಣೆ ಯಾರದೆಂದು ತೀರ್ಮಾನಿಸುವ ಅಂಶ. ನೀವು ಅದನ್ನು ಮುರಿದು ಒಳಹೋದ ಮೇಲೆ ಹೇಳಬಲ್ಲವರು ಇನ್ನಾರೂ ಇರುವುದಿಲ್ಲ.

ಕಿಟಕಿಯ ಗಾಜನ್ನೂ ಮರೆಯಬೇಡಿ. ಹೊಗೆ ಹೊರಬಿಡಲು ನಾವೇ ಗಾಜು ಒಡೆಯುತ್ತೇವೆ. ಒಳಮೈಗೆ ಮಸಿ ಹತ್ತಿದ ಚೂರು ಬೆಂಕಿ ಬಲಿತ ಮೇಲೆ ಒಡೆದದ್ದು, ಮಸಿಯಿಲ್ಲದೆ ಬೂದಿಯ ಅಡಿಯಲ್ಲಿ ಬಿದ್ದ ಚೂರು ಮೊದಲೇ ಒಡೆದಿರಬಹುದಾದದ್ದು. ಯಾವುದನ್ನು ನಾವು ಒಡೆದೆವೆಂದು ಬರೆದಿಡದಿದ್ದರೆ, ಇಲ್ಲದ ಕಳ್ಳನನ್ನು ನಾವೇ ಮನೆಯೊಳಗೆ ನುಗ್ಗಿಸಿದಂತಾಗುತ್ತದೆ.

ಬೆಂಕಿ ಹುಟ್ಟಿದ ಮೂಲೆ ಇದೇ ಎಂದು ಅನಿಸಿದರೆ ಅಲ್ಲಿಗೆ ನೇರವಾಗಿ ಜೆಟ್ ಹೊಡೆಯಬೇಡಿ. ನೀರು ಹನಿಹನಿಯಾಗಿ ಚದುರುವಂತೆ ಬ್ರಾಂಚ್, ಅಂದರೆ ಹೋಸಿನ ತುದಿಯ ನಳಿಕೆ, ತಿರುಗಿಸಿ. ಹೋಸಿನ ರಭಸಕ್ಕೆ ಸ್ವಿಚ್ ಬೋರ್ಡು, ತಂತಿಯ ತುದಿ, ಬೂದಿಯ ಪದರ ಎಲ್ಲವೂ ಕದಡಿಹೋಗುತ್ತವೆ. ಪದರ ಎಂದೆ, ಏಕೆಂದರೆ ಬೂದಿಯಲ್ಲಿಯೂ ಕ್ರಮವಿದೆ. ಮೊದಲು ಬಿದ್ದದ್ದು ಕೆಳಗೆ, ಆಮೇಲೆ ಬಿದ್ದದ್ದು ಮೇಲೆ. ಉಳಿದ ಕೆಂಡ ಹುಡುಕುವ ಆತುರದಲ್ಲಿ ಇಡೀ ಕೋಣೆಯನ್ನು ಸಲಿಕೆಯಿಂದ ಬೀದಿಗೆ ಎತ್ತಿಹಾಕಿದರೆ ಆ ಕ್ರಮ ಮತ್ತೆ ಸಿಗುವುದಿಲ್ಲ. ಕೆಂಡ ಇರುವಲ್ಲಿ ಮಾತ್ರ ಕೆದಕಿ. ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನೋ ಗ್ಯಾಸಿನ ತಿರುಪನ್ನೋ ಮುಚ್ಚಲೇಬೇಕಾದರೆ ಮುಚ್ಚಿ, ಆದರೆ ಮೊದಲು ಹೇಗಿತ್ತೆಂದು ಜೊತೆಯವನಿಗೆ ಕೂಗಿ ಹೇಳಿ. ಪಂಪಿಗೂ ಗರಗಸಕ್ಕೂ ಪೆಟ್ರೋಲ್ ತುಂಬಿಸುವುದು ದೂರದ ರಸ್ತೆಯಲ್ಲಿ ನಡೆಯಲಿ. ನಮ್ಮ ಬೂಟಿನಿಂದ ಒಳಗೆ ಬಂದ ಒಂದು ಹನಿ ಪೆಟ್ರೋಲ್, ನಿರಪರಾಧಿಯ ಕೈಗೆ ಕೋಳ ತೊಡಿಸಬಲ್ಲದು.

ಸೀಮೆಎಣ್ಣೆ, ಪೆಟ್ರೋಲ್ ನೀರಿನಲ್ಲಿ ಕರಗುವುದಿಲ್ಲ. ಹಲಗೆಯ ಸಂದಿ, ಹಾಸಿಗೆಯ ಅಡಿ, ಮಣ್ಣು ಇವುಗಳಲ್ಲಿ ಅವಿತು, ಬೆಂಕಿ ಆರಿದ ಮೇಲೂ ಉಳಿದಿರುತ್ತವೆ. ಆದರೆ ಗಾಳಿಗೆ ಆವಿಯಾಗುತ್ತವೆ. ಮಾದರಿಯನ್ನು ಸಾಮಾನ್ಯ ಪಾಲಿಥಿನ್ ಚೀಲದಲ್ಲಿ ಕಟ್ಟಿದರೆ ಅದರ ಮೂಲಕವೂ ನುಸುಳಿಹೋಗುತ್ತವೆ. ಬಿಗಿ ಮುಚ್ಚಳದ, ಬಳಸದ ತಗಡಿನ ಡಬ್ಬಿ ಅಥವಾ ಗಾಜಿನ ಜಾಡಿ ಬೇಕು. ಸಂಗ್ರಹಿಸುವುದು ತನಿಖಾಧಿಕಾರಿ ಮತ್ತು ತಜ್ಞರ ಕೆಲಸ. ಪಂಚರ ಎದುರು ಮಹಜರು ಆಗಿ, ಮೊಹರಾಗಿ, ಡಬ್ಬಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ತಲುಪುವವರೆಗೂ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಬರಹ ಇರಬೇಕು. ಅವರು ಬರುವ ತನಕ ಒಬ್ಬ ಸಿಬ್ಬಂದಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಕೆಲಸ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಅಪರಾಧ ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಬರಬೇಕೆನ್ನುತ್ತದೆ. ಮನೆಗೆ ಬೆಂಕಿ ಇಡುವುದು ಆ ಸಾಲಿಗೆ ಸೇರುತ್ತದೆ. ತಜ್ಞರು ಬಂದಾಗ ನೋಡಲು ಏನಾದರೂ ಉಳಿದಿರಬೇಕಲ್ಲವೇ?

‘ಶಾರ್ಟ್ ಸರ್ಕ್ಯೂಟ್’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಕಾರಣ ಗೊತ್ತಾಗದಿದ್ದಾಗ ವರದಿಯಲ್ಲಿ ತುಂಬುವ ಪದ ಅದಾಗಬಾರದು. ತಾಮ್ರದ ತಂತಿಯ ತುದಿಯಲ್ಲಿ ಮಣಿಯಂತೆ ಕರಗಿದ ಗುರುತು ಕಂಡರೆ ಅಲ್ಲಿ ಕಿಡಿ ಹಾರಿರುವ ಸಾಧ್ಯತೆ ಹೆಚ್ಚು. ಆದರೆ ಆ ಕಿಡಿ ಬೆಂಕಿ ಹಚ್ಚಿತೋ, ಬೆಂಕಿಯೇ ತಂತಿಯ ಹೊದಿಕೆ ಸುಟ್ಟು ಕಿಡಿ ಹಾರಿಸಿತೋ? ಅದನ್ನು ಹೇಳಲು ತಂತಿ ಇದ್ದಲ್ಲೇ ಇರಬೇಕು.

ಅವಸರದ ತೀರ್ಮಾನ ಉಲ್ಟಾ ದಿಕ್ಕಿನಲ್ಲೂ ಕೊಲ್ಲುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ 1991ರ ಡಿಸೆಂಬರಿನಲ್ಲಿ ಮನೆಯೊಂದು ಸುಟ್ಟು ಮೂವರು ಹೆಣ್ಣುಮಕ್ಕಳು ಸತ್ತರು. ಬೆಂಕಿ ಹಚ್ಚಿದನೆಂದು ತಂದೆ ಕ್ಯಾಮರಾನ್ ಟಾಡ್ ವಿಲ್ಲಿಂಗ್‌ಹ್ಯಾಮ್‌ನಿಗೆ 2004ರಲ್ಲಿ ಮರಣದಂಡನೆಯಾಯಿತು. ಬಲೆಬಲೆಯಾಗಿ ಬಿರುಕುಬಿಟ್ಟ ಗಾಜು ಎಣ್ಣೆ ಸುರಿದುದರ ಗುರುತು ಎಂಬುದು ಅಲ್ಲಿ ಮುಂದಿಟ್ಟ ವಾದಗಳಲ್ಲಿ ಒಂದು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಅಂತಹ ಬಿರುಕು ಮೂಡುತ್ತದೆಂದು ಪ್ರಯೋಗಗಳು ತೋರಿಸಿವೆ. ನೀರು ಹೊಡೆಯುವವರು ನಾವು. ಯಾವ ಕಿಟಕಿಗೆ ಎಷ್ಟು ಹೊತ್ತಿಗೆ ನೀರು ಹೊಡೆದೆವೆಂಬ ಒಂದು ಸಾಲಿನ ಟಿಪ್ಪಣಿಗೆ ಎಷ್ಟು ತೂಕವಿದೆ, ನೀವೇ ಯೋಚಿಸಿ.

ಸಭೆಯಲ್ಲಿರುವ ನಾಗರಿಕರಲ್ಲಿಯೂ ಒಂದು ಕೋರಿಕೆ. ಬೆಂಕಿ ಆರಿದ ಮನೆಯನ್ನು ಆ ರಾತ್ರಿಯೇ ತೊಳೆಯಬೇಡಿ. ಕರಿ ಹಿಡಿದ ಗೋಡೆ ನೋಡಿದರೆ ಕರುಳು ಚುರ್ ಎನ್ನುತ್ತದೆ, ನನಗೆ ಗೊತ್ತು. ಆದರೂ ಮಹಜರು ಮುಗಿಯುವ ತನಕ ಪೊರಕೆ ಮುಟ್ಟಬೇಡಿ.

ಆ ಸಾಕ್ಷಿ ಕಟ್ಟೆಯಿಂದ ಇಳಿದ ಮರುದಿನವೇ ನಾನು ಜೇಬಿಗೆ ಹಿಡಿಯುವ ಒಂದು ಪುಸ್ತಕ, ಪೆನ್ಸಿಲ್ ಕೊಂಡೆ. ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ನಿವೃತ್ತನಾಗುವವರೆಗೂ ಪ್ರತಿ ಕರೆಯಿಂದ ಹಿಂತಿರುಗುವಾಗ ವಾಹನದಲ್ಲೇ ಕುಳಿತು ಬರೆದೆ: ಬಾಗಿಲು ಹೇಗಿತ್ತು, ಯಾವ ಗಾಜು ನಾವು ಒಡೆದೆವು, ಸ್ಟೌ ಎಲ್ಲಿತ್ತು.